ಡೇಟಾಬೇಸ್‌ನಲ್ಲಿ ದೊಡ್ಡ ಪೂರ್ಣಾಂಕಗಳ ನಿಖರತೆ

ಡೇಟಾಬೇಸ್‌ನಲ್ಲಿ ಬಹಳ ದೊಡ್ಡ ಪೂರ್ಣಾಂಕವೊಂದನ್ನು ಅದಕ್ಕೆ ಸಾಲದ ದತ್ತ ಪ್ರಕಾರದಲ್ಲಿ ಸಂಗ್ರಹಿಸಿದಾಗ ಎರಡು ಬಗೆಯ ದೋಷಗಳು ಉಂಟಾಗುತ್ತವೆ: ಮಿತಿ ಮೀರುವಿಕೆ ಮತ್ತು ನಿಖರತೆಯ ನಷ್ಟ. ಮಿತಿ ಮೀರಿದಾಗ ಹೆಚ್ಚಿನ ಡೇಟಾಬೇಸ್‌ಗಳು ದೋಷಸೂಚನೆ ನೀಡುತ್ತವೆ. ನಿಖರತೆಯ ನಷ್ಟ ಸಾಮಾನ್ಯವಾಗಿ ಯಾವ ಸೂಚನೆಯೂ ಇಲ್ಲದೆ ನಡೆಯುವುದರಿಂದ ಅದು ಹೆಚ್ಚು ಅಪಾಯಕಾರಿ.

ಮಿತಿಗಳು

ಋಣ ಸಂಖ್ಯೆಗಳನ್ನೂ ಒಳಗೊಳ್ಳುವ 32 ಬಿಟ್ ಪೂರ್ಣಾಂಕದ ಗರಿಷ್ಠ ಬೆಲೆ 2,14,74,83,647. 64 ಬಿಟ್ ಪೂರ್ಣಾಂಕದ್ದು 92,23,37,20,36,85,47,75,807. ಫ್ಲೋಟಿಂಗ್ ಪಾಯಿಂಟ್ ಪ್ರಕಾರಗಳ ವ್ಯಾಪ್ತಿ ಇದಕ್ಕಿಂತ ದೊಡ್ಡದಾದರೂ ಅವು ಉಳಿಸಿಕೊಳ್ಳುವ ಅಂಕಿಗಳು ಸೀಮಿತ. ಐಇಇಇ 754 ಮಾನಕದಂತೆ ಏಕ ನಿಖರತೆಯ ಪ್ರಕಾರ 1,67,77,216ರವರೆಗೆ, ದ್ವಿ ನಿಖರತೆಯ ಪ್ರಕಾರ 9,00,71,99,25,47,40,992ರವರೆಗೆ ಮಾತ್ರ ಎಲ್ಲ ಪೂರ್ಣಾಂಕಗಳನ್ನೂ ಯಥಾವತ್ತಾಗಿ ಹಿಡಿದಿಡುತ್ತದೆ. ಅದರಾಚೆ ಸಂಖ್ಯೆಯನ್ನು ಸಮೀಪದ ಲಭ್ಯ ಬೆಲೆಗೆ ಬದಲಿಸಲಾಗುತ್ತದೆ.

ಉದಾಹರಣೆ: ಜಲಾಶಯದ ಲೆಕ್ಕ

ಹೊಸಪೇಟೆಯ ತುಂಗಭದ್ರಾ ಜಲಾಶಯದ ಈಗಿನ ಸಂಗ್ರಹ ಸಾಮರ್ಥ್ಯ 105.788 ಟಿಎಂಸಿ, ಅಂದರೆ 10,578.8 ಕೋಟಿ ಘನ ಅಡಿ. ಈ ನೀರನ್ನು ಕರ್ನಾಟಕ, ಆಂಧ್ರಪ್ರದೇಶ ಮತ್ತು ತೆಲಂಗಾಣ ಹಂಚಿಕೊಳ್ಳುತ್ತವೆ. ಘನ ಅಡಿಗಳ ಲೆಕ್ಕವನ್ನು 32 ಬಿಟ್ ಪೂರ್ಣಾಂಕದಲ್ಲಿ ಇಟ್ಟರೆ ಅದರಲ್ಲಿ ಹಿಡಿಯುವುದು ಸುಮಾರು 2.147 ಟಿಎಂಸಿ ಮಾತ್ರ. ಒಂದು ಲಕ್ಷ ಕ್ಯೂಸೆಕ್ ಒಳಹರಿವಿದ್ದರೆ ಆರು ಗಂಟೆಯೊಳಗೆ ಮಿತಿ ಮೀರುತ್ತದೆ.

ಏಕ ನಿಖರತೆಯ ಪ್ರಕಾರದಲ್ಲಿ ಈ ಸಂಖ್ಯೆ ಹಿಡಿಸುತ್ತದೆ. ಆದರೆ ಜಲಾಶಯ ತುಂಬಿರುವ ಮಟ್ಟದಲ್ಲಿ ಅಕ್ಕಪಕ್ಕದ ಎರಡು ಬೆಲೆಗಳ ಅಂತರ 8,192 ಘನ ಅಡಿ. ಕಾಲುವೆಯೊಂದಕ್ಕೆ ಹರಿಯುವ ಒಂದು ಕ್ಯೂಸೆಕ್ ನೀರು ಗಂಟೆಗೆ 3,600 ಘನ ಅಡಿಯಾಗುತ್ತದೆ. ಇದು ಆ ಅಂತರದ ಅರ್ಧಕ್ಕಿಂತ ಕಡಿಮೆಯಾದ್ದರಿಂದ, ಪ್ರತಿ ಗಂಟೆ ಕಳೆದರೂ ಉತ್ತರ ಹಳೆಯ ಬೆಲೆಗೇ ಮರಳುತ್ತದೆ. ವರ್ಷದಲ್ಲಿ 3.15 ಕೋಟಿ ಘನ ಅಡಿ ನೀರು ಹೊರಗೆ ಹೋದರೂ ದಾಖಲೆಯಲ್ಲಿ ಒಂದು ಹನಿಯೂ ಇಳಿದಿರುವುದಿಲ್ಲ.

ಗುರುತಿನ ಸಂಖ್ಯೆಗಳು

ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಂಖ್ಯೆಗಳು ದ್ವಿ ನಿಖರತೆಯವು. ಆದ್ದರಿಂದ ಡೇಟಾಬೇಸ್‌ನಲ್ಲಿ ಸರಿಯಾಗಿರುವ 9007199254740993 ಎಂಬ ಸಂಖ್ಯೆ ಜಾಲಪುಟದಲ್ಲಿ 9007199254740992 ಆಗಬಹುದು. ಗುರುತಿನ ಸಂಖ್ಯೆಯಲ್ಲಿ ಹೀಗಾದರೆ ಒಬ್ಬರ ದಾಖಲೆ ಮತ್ತೊಬ್ಬರದಾಗುತ್ತದೆ. ಇದೇ ಕಾರಣಕ್ಕೆ 2010ರಲ್ಲಿ ಟ್ವಿಟರ್ ತನ್ನ ಗುರುತಿನ ಸಂಖ್ಯೆಗಳನ್ನು ಪಠ್ಯರೂಪದಲ್ಲಿಯೂ ಒದಗಿಸತೊಡಗಿತು. ಎಕ್ಸೆಲ್ 15 ಅಂಕಿಗಳನ್ನಷ್ಟೇ ಉಳಿಸಿಕೊಂಡು, 16 ಅಂಕಿಗಳ ಕಾರ್ಡ್ ಸಂಖ್ಯೆಯ ಕೊನೆಯ ಅಂಕಿಯನ್ನು ಸೊನ್ನೆಯಾಗಿಸುತ್ತದೆ.

ಪರಿಹಾರ

ಎಣಿಕೆಗೆ 64 ಬಿಟ್‌ನ ಬಿಗ್‌ಇಂಟ್, ಅದನ್ನೂ ಮೀರುವ ಲೆಕ್ಕಗಳಿಗೆ ನ್ಯೂಮರಿಕ್ ಅಥವಾ ಡೆಸಿಮಲ್ ಪ್ರಕಾರ ಸೂಕ್ತ. ಮೈಎಸ್‌ಕ್ಯೂಎಲ್‌ನ ಡೆಸಿಮಲ್ 65 ಅಂಕಿಗಳವರೆಗೆ ನಿಖರವಾಗಿರುತ್ತದೆ. ಕೂಡಿ ಕಳೆಯಬೇಕಿಲ್ಲದ ಖಾತೆ, ಕಾರ್ಡ್ ಮತ್ತು ಗುರುತಿನ ಸಂಖ್ಯೆಗಳನ್ನು ಪಠ್ಯವಾಗಿ ಸಂಗ್ರಹಿಸಿದರೆ ಮೊದಲಿನ ಸೊನ್ನೆಗಳೂ ಉಳಿಯುತ್ತವೆ. ಒಮ್ಮೆ ನಷ್ಟವಾದ ಅಂಕಿಗಳನ್ನು ಪ್ರಕಾರ ಬದಲಿಸುವುದರಿಂದ ಮರಳಿ ಪಡೆಯಲಾಗದು. ಮೂಲ ದಾಖಲೆಯಿಂದಲೇ ಮತ್ತೆ ತುಂಬಬೇಕಾಗುತ್ತದೆ.