ಬ್ನೈ ಬ್ರಿತ್

ಯೆಹೂದ್ಯರ ಹಳೆಯ ಸೋದರ ಸೇವಾಸಂಘಗಳಲ್ಲೊಂದು. ಹೀಬ್ರೂ ಭಾಷೆಯ ಈ ಹೆಸರಿಗೆ 'ಒಡಂಬಡಿಕೆಯ ಮಕ್ಕಳು' ಎಂದರ್ಥ. 1843ರ ಅಕ್ಟೋಬರ್ 13ರಂದು ನ್ಯೂಯಾರ್ಕಿನ ಎಸೆಕ್ಸ್ ಬೀದಿಯ ಕಾಫಿ ಅಂಗಡಿಯೊಂದರಲ್ಲಿ ಹೆನ್ರಿ ಜೋನ್ಸ್ ಸೇರಿದಂತೆ ಹನ್ನೆರಡು ಮಂದಿ ಜರ್ಮನ್ ಯೆಹೂದಿ ವಲಸಿಗರು ಇದನ್ನು ಸ್ಥಾಪಿಸಿದರು.

ಸದಸ್ಯ ತೀರಿಕೊಂಡರೆ ಅಂತ್ಯಸಂಸ್ಕಾರಕ್ಕೆ 30 ಡಾಲರ್, ವಿಧವೆಗೆ ಬದುಕಿರುವವರೆಗೂ ವಾರಕ್ಕೆ 1 ಡಾಲರ್, ಗಂಡುಮಕ್ಕಳಿಗೆ ಕಸುಬಿನ ತರಬೇತಿ: ಇವು ಸಂಘದ ಮೊದಲ ನೆರವು. ಬಂಧುಬಳಗವಿಲ್ಲದ ಪರದೇಶದಲ್ಲಿ ಮನೆಯ ಒಲೆ ಆರದಂತೆ ಕಾಯ್ದದ್ದು ಈ ಪುಟ್ಟ ಮೊತ್ತವೇ.

ಮುಂದೆ ಸಂಘ 1868ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಅನಾಥಾಲಯ ತೆರೆಯಿತು. 1899ರಲ್ಲಿ ಡೆನ್ವರಿನಲ್ಲಿ ಆರಂಭವಾದ ಕ್ಷಯರೋಗ ಆಸ್ಪತ್ರೆಗೆ ಆಸರೆಯಾಯಿತು. ಅಲ್ಲಿ ಬಡ ರೋಗಿಗಳಿಗೆ ಜಾತಿಮತ ಕೇಳದೆ ಉಚಿತ ಚಿಕಿತ್ಸೆ ದೊರೆಯುತ್ತಿತ್ತು. ಯೆಹೂದಿ ದ್ವೇಷವನ್ನು ಎದುರಿಸಲು 1913ರಲ್ಲಿ ಆ್ಯಂಟಿ-ಡಿಫಮೇಷನ್ ಲೀಗನ್ನು ಹುಟ್ಟುಹಾಕಿತು.