ಮಕ್ಕಳು ಅಡ್ಡಗಟ್ಟಿದ ಬೀದಿ

ಆಮ್‌ಸ್ಟರ್‌ಡ್ಯಾಮಿಗೆ ಬರುವ ನಮ್ಮ ನೆಂಟರೆಲ್ಲ ಸೈಕಲ್ ಹಾದಿಗಳನ್ನು ನೋಡಿ, ಇದು ಇಲ್ಲಿನವರ ಹುಟ್ಟುಗುಣ ಎನ್ನುತ್ತಾರೆ. ಆ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಈ ಹಾದಿಗಳ ಹಿಂದೆ ಸತ್ತ ಮಕ್ಕಳಿದ್ದಾರೆ. ಮಹಾಯುದ್ಧದ ನಂತರ ಇಲ್ಲೂ ಕಾರುಗಳೇ ಬೀದಿ ತುಂಬಿದವು. 1971ರಲ್ಲಿ ನೆದರ್ಲೆಂಡ್ಸ್‌ನ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮಗಳನ್ನು ಕಳೆದುಕೊಂಡ ಪತ್ರಕರ್ತ ವಿಕ್ ಲಾಂಗನ್‌ಹಾಫ್ 1972ರಲ್ಲಿ ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬ ಲೇಖನ ಬರೆದರು. ಅದೇ ಹೆಸರಿನ ಚಳವಳಿ ಹುಟ್ಟಿತು. ಹೆತ್ತವರು ರಸ್ತೆ ತಡೆದರು.

ನನ್ನ ಮನಸ್ಸಿನಲ್ಲಿ ನಿಂತಿರುವುದು ಆಮ್‌ಸ್ಟರ್‌ಡ್ಯಾಮಿನದೇ ಡೆ ಪೈಪ್ ಬಡಾವಣೆಯ ಕಥೆ. ಇಕ್ಕಟ್ಟಾದ ಮನೆಗಳು, ಆಡಲು ಅಂಗಳವಿಲ್ಲ, ಬೀದಿಯ ಎರಡೂ ಬದಿಗೆ ಕಾರುಗಳ ಸಾಲು. ಶಾಲೆಯ ಮಕ್ಕಳೇ ಮನೆಮನೆ ಸುತ್ತಿ ಸಹಿ ಸಂಗ್ರಹಿಸಿದರು, ಬೀದಿಗೆ ಅಡ್ಡಗಟ್ಟಿ ಆಟಕ್ಕಿಳಿದರು. ಸಿಟ್ಟಿಗೆದ್ದ ಚಾಲಕರು ತಡೆಗಳನ್ನು ಕಿತ್ತೆಸೆದದ್ದೂ ಮಕ್ಕಳು ಜಗ್ಗದೆ ನಿಂತದ್ದೂ 1972ರ ಟಿವಿ ಸಾಕ್ಷ್ಯಚಿತ್ರದಲ್ಲಿ ಉಳಿದಿವೆ. ಎಂಥ ಧೈರ್ಯ ಅವರದು!

1973ರ ತೈಲ ಬಿಕ್ಕಟ್ಟು, ಇಂಧನ ಉಳಿಸಲು ಬಂದ ಕಾರಿಲ್ಲದ ಭಾನುವಾರಗಳು ಸರ್ಕಾರದ ಮನಸ್ಸನ್ನು ಸೈಕಲ್ಲಿನತ್ತ ಇನ್ನಷ್ಟು ತಿರುಗಿಸಿದವು. ಆದರೆ ಎಲ್ಲ ಶ್ರೇಯವನ್ನೂ ತೈಲಕ್ಕೆ ಕೊಡುವುದನ್ನು ನಾನು ಒಪ್ಪುವುದಿಲ್ಲ. ಮಕ್ಕಳು ಅದಕ್ಕೂ ಮೊದಲೇ ಬೀದಿಗಿಳಿದಿದ್ದರು. ದಶಕ ಮುಗಿಯುವ ಹೊತ್ತಿಗೆ ಟಿಲ್ಬರ್ಗ್ ಮತ್ತು ಹೇಗ್ ನಗರಗಳಲ್ಲಿ ಸರ್ಕಾರದ ಹಣದಿಂದಲೇ ಪ್ರತ್ಯೇಕ ಸೈಕಲ್ ಮಾರ್ಗಗಳ ಪ್ರಯೋಗ ನಡೆದಿತ್ತು.