ಲೋಹಗಾಜುಗಳ ಮೇಲೆ ವಿಕಿರಣದ ಪರಿಣಾಮ

ಹರಳುಗಟ್ಟದೆ, ದ್ರವದಲ್ಲಿದ್ದ ಅಸ್ತವ್ಯಸ್ತ ಜೋಡಣೆಯಲ್ಲೇ ಗಟ್ಟಿಯಾದ ಮಿಶ್ರಲೋಹವೇ ಲೋಹಗಾಜು. ನ್ಯೂಟ್ರಾನು, ಅಯಾನುಗಳ ಹೊಡೆತಕ್ಕೆ ಇದು ತೋರುವ ಪ್ರತಿಕ್ರಿಯೆ ಸಾಮಾನ್ಯ ಲೋಹದ ಪ್ರತಿಕ್ರಿಯೆಗೆ ಬಹುಮಟ್ಟಿಗೆ ವಿರುದ್ಧ.

1960ರಲ್ಲಿ ಕ್ಯಾಲ್ಟೆಕ್‌ನ ಪೋಲ್ ಡುವೆ ತಂಡ ಚಿನ್ನ-ಸಿಲಿಕಾನ್ ಕರಗನ್ನು ಸೆಕೆಂಡಿಗೆ ಸುಮಾರು 10 ಲಕ್ಷ ಡಿಗ್ರಿ ವೇಗದಲ್ಲಿ ತಣಿಸಿ ಮೊದಲ ಲೋಹಗಾಜನ್ನು ಪಡೆಯಿತು. ಜಮಖಂಡಿ, ಮುಧೋಳದ ಕಬ್ಬಿನ ಸೀಮೆಯವರಿಗೆ ಈ ತತ್ತ್ವ ಹೊಸದಲ್ಲ: ಹದ ಮೀರಿದ ಪಾಕ ತಣ್ಣೀರಿಗೆ ಬಿದ್ದರೆ ಗಾಜಿನಂತೆ ಚಟ್ಟನೆ ಮುರಿಯುತ್ತದೆ, ಕಲಕುತ್ತ ಆರಿಸಿದರೆ ಹರಳುಗಟ್ಟುತ್ತದೆ.

ಮೊದಲು ಸಾಮಾನ್ಯ, ಹರಳುಗಟ್ಟಿದ ಲೋಹವನ್ನು ನೋಡೋಣ. ಕೈಗಾದಂಥ ಭಾರಜಲ ರಿಯಾಕ್ಟರಿನ ಜಿರ್ಕೋನಿಯಂ-ನಯೋಬಿಯಂ ಒತ್ತಡ ನಳಿಗೆಗಳಲ್ಲಿ ನ್ಯೂಟ್ರಾನುಗಳು ಪರಮಾಣುಗಳನ್ನು ನೆಲೆ ತಪ್ಪಿಸುತ್ತವೆ. ಆ ದೋಷಗಳು ಡಿಸ್‌ಲೊಕೇಶನ್‌ಗಳ (ಹರಳಿನ ಜೋಡಣೆಯಲ್ಲಿನ ಸಾಲುದೋಷಗಳ) ಚಲನೆಗೆ ಅಡ್ಡಬಂದು ಲೋಹ ಗಡಸಾಗುತ್ತದೆ, ತನ್ಯತೆ ಕುಗ್ಗುತ್ತದೆ. ಗಾಜಿನಲ್ಲಿ ಡಿಸ್‌ಲೊಕೇಶನ್‌ಗಳೇ ಇಲ್ಲ. ಹೊಡೆತ ಬಿದ್ದ ಕಡೆ ನ್ಯಾನೋಮೀಟರುಗಳಷ್ಟು ಜಾಗ ಕ್ಷಣಮಾತ್ರ ಕರಗಿ, ಮೊದಲಿಗಿಂತ ಬೇಗ ತಣಿದು, ಪರಮಾಣುಗಳ ನಡುವಿನ ಮುಕ್ತಾವಕಾಶ ಹೆಚ್ಚುತ್ತದೆ. ಗಾಜು ಸಾಮಾನ್ಯವಾಗಿ ಮೆದುವಾಗಿ, ಬಾಗುವ ಗುಣ ಪಡೆಯುತ್ತದೆ.

ಇದನ್ನು ಅರಿಯಲು ತಿರುಗುಮುರುಗಾದ ಪ್ರಕ್ರಿಯೆಯನ್ನು ಗಮನಿಸಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಉಪದ್ರಷ್ಟ ರಾಮಮೂರ್ತಿ ಮತ್ತು ಸಹೋದ್ಯೋಗಿಗಳು 2002ರಲ್ಲಿ ಪ್ರಕಟಿಸಿದ ಕೆಲಸದ ಪ್ರಕಾರ, ಜಿರ್ಕೋನಿಯಂ ಗಾಜನ್ನು ಅದರ ಗಾಜು-ಸಂಕ್ರಮಣ ತಾಪದ (ಗಾಜು ಮೆದುವಾಗತೊಡಗುವ ತಾಪದ) ಕೆಳಗೇ ಕಾಯಿಸಿಟ್ಟರೂ ಅದು ಪೆಡಸಾಗುತ್ತದೆ. ಮುಕ್ತಾವಕಾಶ ಬತ್ತುವುದೇ ಇದಕ್ಕೆ ಮುಖ್ಯ ಕಾರಣವೆಂಬ ವಿವರಣೆ ಇದೆ. ಜರ್ಮನಿಯ ಗೆರ್ಲಿಂಗ್, ಶಿಮಾನ್ಸ್ಕಿ, ವಾಗ್ನರ್ 1987ರಲ್ಲೇ ಉಷ್ಣದಿಂದ ಪೆಡಸಾದ ಲೋಹಗಾಜಿಗೆ ನ್ಯೂಟ್ರಾನು ವಿಕಿರಣ ತನ್ಯತೆಯನ್ನು ಮರಳಿಸಿದ್ದನ್ನು ವರದಿ ಮಾಡಿದ್ದರು. ಕಾಯಿಸುವುದು ಕಳೆದದ್ದನ್ನು ಕಣಗಳ ಹೊಡೆತ ಮರಳಿ ಕೊಟ್ಟಿತು; ಈ ಕ್ಷೇತ್ರದ ಅತಿ ಮಹತ್ವದ ಫಲಿತಾಂಶ ಇದೆಂದು ಹೇಳಬಹುದು. 2010ರಲ್ಲಿ ರಾಮಮೂರ್ತಿ ಮತ್ತು ಸ್ವಿಟ್ಜರ್ಲೆಂಡಿನ ಸಂಶೋಧಕರು ಜೊತೆಗೂಡಿ, ಅಯಾನು ವಿಕಿರಣ ಲೋಹಗಾಜಿನ ಯಾಂತ್ರಿಕ ವರ್ತನೆಯನ್ನು ಸುಧಾರಿಸಬಲ್ಲದೆಂದು ತೋರಿಸಿದರು. ಇಲ್ಲಿ ವಿರೂಪ ಹೇಗೆ ಹಂಚಿಕೊಳ್ಳುತ್ತದೆ ಎಂಬುದು ಮುಖ್ಯ: ಅದೆಲ್ಲ ಕೆಲವೇ ಜಾರುಪಟ್ಟಿಗಳಲ್ಲಿ (ವಸ್ತು ಜಾರುವ ತೆಳುವಾದ ವಲಯಗಳಲ್ಲಿ) ಕೂಡಿಕೊಂಡರೆ ಗಾಜು ಥಟ್ಟನೆ ಒಡೆಯುತ್ತದೆ, ಹರಡಿಕೊಂಡರೆ ಬಾಳುತ್ತದೆ.

ಎಲ್ಲ ವಿಕಿರಣಕ್ಕೂ ಈ ಮಾತು ಸಲ್ಲದು. ಎಲೆಕ್ಟ್ರಾನು ಕಿರಣ ಕೆಲವು ಗಾಜುಗಳನ್ನು ಹರಳುಗಟ್ಟಿಸುತ್ತದೆ. ಬೋರಾನ್ ಇರುವ ಗಾಜಿನಲ್ಲಿ ನ್ಯೂಟ್ರಾನು ಸೆರೆಯಿಂದ ಹೀಲಿಯಂ ಹುಟ್ಟುತ್ತದೆ. ವೇಗದ ಭಾರ ಅಯಾನುಗಳು ಪಲ್ಲೇಡಿಯಂ-ಸಿಲಿಕಾನ್ ಗಾಜಿನ ಆಕಾರವನ್ನೇ ಬದಲಿಸುತ್ತವೆಂದು 1983ರಲ್ಲಿ ಕ್ಲೌಮ್ಯುಂಜರ್ ಮತ್ತು ಶೂಮಾಕರ್ ತೋರಿಸಿದರು. ಪ್ರಯೋಗಾಲಯದ ಅಯಾನುಗಳು ಸಾಮಾನ್ಯವಾಗಿ ಕೆಲವು ಮೈಕ್ರೊಮೀಟರು ಆಳಕ್ಕಷ್ಟೇ ಇಳಿಯುವುದರಿಂದ ಅಂಥ ಮಾದರಿಗಳ ಗಡಸುತನವನ್ನು ನ್ಯಾನೋ ಮೊನೆಯಿಂದ ಒತ್ತಿ ಅಳೆಯಲಾಗುತ್ತದೆ. ಆ ಅಂಕಿಗಳು ಮೇಲ್ಪದರಕ್ಕೆ ಸೇರಿದವು, ಇಡೀ ತುಂಡಿಗಲ್ಲ.